ಬಿಲ್ಲು ಹುಟ್ಟುವುದು ಜಾಬ್ ಕಾರ್ಡಿನಲ್ಲಿ

ಕೇಳದ ಕೆಲಸಕ್ಕೆ, ಮಾಡದ ಕೆಲಸಕ್ಕೆ, ಬೇಡದ ಸಾಮಾನಿಗೆ ಕಾರ್ ಸರ್ವೀಸ್ ಬಿಲ್ಲಿನಲ್ಲಿ ದುಡ್ಡು ಬಿದ್ದಾಗ ಕೊಪ್ಪಳ ಜಿಲ್ಲೆಯ ಗಾಡಿ ಮಾಲೀಕರು ಏನು ಮಾಡಬಹುದು? ಹುಬ್ಬಳ್ಳಿಯಲ್ಲಿ ಆದ ಅನ್ಯಾಯಕ್ಕೆ ಕೊಪ್ಪಳದಲ್ಲೇ ನ್ಯಾಯ ಕೇಳುವ ಹಕ್ಕು 2020ರಿಂದ ನಮ್ಮ ಕೈಯಲ್ಲಿದೆ.

ಕೆಎ–37 ನಂಬರಿನ ಕಾರುಗಳಿಗೆ ಸರ್ವೀಸ್ ಎಂದರೆ ಬಹಳ ಸಲ ಪರವೂರಿನ ಪ್ರಯಾಣ. ಕೆಲವು ಕಂಪನಿಗಳ ಸರ್ವೀಸ್ ಸೆಂಟರು ಜಿಲ್ಲೆಯೊಳಗೇ ಸಿಗುತ್ತದೆ. ಉಳಿದವಕ್ಕೆ ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿಯೇ ಗತಿ. ಕೊಪ್ಪಳದಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಕುಷ್ಟಗಿಯವರಿಗೆ ಅದಕ್ಕಿಂತ ದೂರ. ನಸುಕಿನಲ್ಲಿ ಹೊರಟು ಗಾಡಿ ಬಿಟ್ಟು, ದಿನವಿಡೀ ಕಾದು, ಸಂಜೆ ಕೌಂಟರಿಗೆ ಹೋದರೆ ಬಿಲ್ಲು ಬೆಳಿಗ್ಗೆ ಹೇಳಿದ್ದಕ್ಕಿಂತ ಎರಡು ಮೂರು ಸಾವಿರ ಮೇಲೇರಿರುತ್ತದೆ. ಪಟ್ಟಿಯಲ್ಲಿ ಹದಿನೈದು ಇಪ್ಪತ್ತು ಸಾಲು, ಅರ್ಧ ಅರ್ಥವಾಗದ ಹೆಸರು. ಹೊರಗೆ ಕತ್ತಲಾಗುತ್ತಿದೆ, ಊರು ದೂರವಿದೆ. ‘ಹೋಗ್ಲಿ ಬಿಡ್ರಿ’ ಎಂದು ದುಡ್ಡು ಕಟ್ಟಿ ಕೀಲಿ ಇಸಕೊಂಡು ಬರುತ್ತೇವೆ.

ಆ ‘ಹೋಗ್ಲಿ ಬಿಡ್ರಿ’ಗೆ ನಮ್ಮ ಜನರ ಸಭ್ಯತೆ ಒಂದು ಕಾರಣ, ದೂರ ಇನ್ನೊಂದು. ಸಾವಿರ ರೂಪಾಯಿ ವಾಪಸು ಕೇಳಲು ಮತ್ತೊಮ್ಮೆ ಹುಬ್ಬಳ್ಳಿಗೆ ಹೋಗಿಬರುವ ಪೆಟ್ರೋಲಿಗೇ ಸಾವಿರ ದಾಟುತ್ತದೆ. ತಪ್ಪು ಲೆಕ್ಕ ಬರೆಯುವ ಕೌಂಟರಿಗೂ ಇದು ಗೊತ್ತು. ಆದ್ದರಿಂದ ಗಾಡಿ ಮಾಲೀಕರು ಎರಡು ಸಂಗತಿ ತಿಳಿದಿರಬೇಕು. ಬಿಲ್ಲಿನ ಮೊತ್ತ ನಿಜವಾಗಿ ತೀರ್ಮಾನವಾಗುವುದು ಬೆಳಿಗ್ಗೆ, ಗಾಡಿಗೆ ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡಿಗೆ ಸಹಿ ಹಾಕುವಾಗ. ಸಂಜೆಯ ಜಗಳಕ್ಕಿಂತ ಆ ಹತ್ತು ನಿಮಿಷಕ್ಕೆ ಬೆಲೆ ಹೆಚ್ಚು. ಅಷ್ಟರ ಮೇಲೂ ಮೋಸವಾದರೆ, ಕಾನೂನು ಈಗ ಆ ದೂರವನ್ನು ತೆಗೆದುಹಾಕಿದೆ.

ಬಿಲ್ಲಿನೊಳಗೆ ಏನಿರುತ್ತದೆ

ದಾರಿ ತಪ್ಪಿಸುವ ಬಾಬತ್ತುಗಳು ಹೆಚ್ಚಾಗಿ ನಾಲ್ಕು ಬಗೆಯವು.

ಮೊದಲನೆಯದು, ಕಂಪನಿಯ ಪಟ್ಟಿಯಲ್ಲೇ ಇಲ್ಲದ ಕೆಲಸ. ಪ್ರತಿ ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯಲ್ಲಿ ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ಏನನ್ನು ಪರೀಕ್ಷಿಸಬೇಕು, ಏನನ್ನು ಬದಲಿಸಬೇಕು ಎಂಬ ಕೋಷ್ಟಕ ಇರುತ್ತದೆ. ಎಂಜಿನ್ ಫ್ಲಶಿಂಗ್, ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನೈಸಿಂಗ್, ಟೆಫ್ಲಾನ್ ಕೋಟಿಂಗ್, ಎ.ಸಿ. ಡಿಸ್‌ಇನ್ಫೆಕ್ಟೆಂಟ್, ಟೈರಿಗೆ ನೈಟ್ರೋಜನ್ ಇವು ಸಾಮಾನ್ಯವಾಗಿ ಆ ಕೋಷ್ಟಕದಲ್ಲಿ ಕಾಣುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಇಂಜೆಕ್ಟರ್ ಕಟ್ಟಿಕೊಂಡು ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಸ್ವಚ್ಛಗೊಳಿಸಬೇಕು, ನಿಜ. ಚೆನ್ನಾಗಿ ಓಡುತ್ತಿರುವ ಗಾಡಿಗೆ ಪ್ರತಿ ಸರ್ವೀಸಿನಲ್ಲೂ ಅದು ಬೇಕಿಲ್ಲ.

ಅಂಡರ್‌ಬಾಡಿ ಕೋಟಿಂಗ್ ಕೂಡ ಇದೇ ಸಾಲಿನದು. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರಿಗೂ ಕುಷ್ಟಗಿಯ ಒಣಹವೆಯಲ್ಲಿ ನಿಲ್ಲುವ ಕಾರಿಗೂ ತುಕ್ಕಿನ ಭಯ ಒಂದೇ ಅಲ್ಲ. ಗಂಗಾವತಿ, ಕಾರಟಗಿ ಕಡೆ ಕಾಲುವೆ ಬದಿಯ ಕೆಸರಿನ ಹಾದಿಯಲ್ಲಿ ದಿನವೂ ಓಡುವ ಗಾಡಿಗೆ ತಳಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಸುವುದೇ ದೊಡ್ಡ ರಕ್ಷಣೆ. ಕೋಟಿಂಗ್ ಬೇಕೆನಿಸಿದರೆ ಮಾಡಿಸಲಿ; ಆದರೆ ‘ಮಾಡಿಸ್ಲಿಲ್ಲಾಂದ್ರ ಗಾಡಿ ತುಕ್ಕು ಹಿಡಿದು ಹೋಕ್ಕತ್ರಿ’ ಎಂಬ ಮಾತಿಗೆ ಹೆದರಿ ಅಲ್ಲ.

ಎರಡನೆಯದು, ಬೇಕಾದ ಕೆಲಸವೇ, ಆದರೆ ಅವಧಿಗೆ ಮುಂಚೆ. ಬ್ರೇಕ್ ಪ್ಯಾಡ್, ಬ್ಯಾಟರಿ, ಏರ್ ಫಿಲ್ಟರ್, ವೈಪರ್, ಟೈರ್ ಇವೆಲ್ಲ ಸವೆಯುವ ಸಾಮಾನುಗಳು. ಒಂದಲ್ಲ ಒಂದು ದಿನ ಬದಲಿಸಲೇಬೇಕು. ಆ ದಿನ ಬಂದಿದೆಯೇ ಎಂಬುದನ್ನು ಅಳತೆ ಹೇಳಬೇಕು. ಹೊಸ ಬ್ರೇಕ್ ಪ್ಯಾಡಿನ ದಪ್ಪ ಸುಮಾರು 10 ಮಿಲಿಮೀಟರ್ ಇರುತ್ತದೆ. ಮೂರರ ಹತ್ತಿರ ಬಂದಾಗ ಬದಲಿಸುವುದು ರೂಢಿ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ರಸ್ತೆಗೆ ತಕ್ಕದ್ದಲ್ಲ. ಅದನ್ನು ತೋರಿಸುವ ಗುರುತು ಟೈರಿನ ಗೀರುಗಳ ನಡುವೆಯೇ ಇರುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆರಿಸಿ ಬಿಟ್ಟಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ‘ಪ್ಯಾಡ್ ಹೋಗ್ಯಾವ್ರಿ, ಹಾಕಿಬಿಡ್ಲೇನ್ರಿ?’ ಎಂದು ಫೋನ್ ಬಂದರೆ ‘ಎಷ್ಟು ಎಂ.ಎಂ. ಉಳದೈತ್ರಿ? ಒಂದು ಫೋಟೊ ಕಳಸ್ರಿ’ ಎಂದು ಕೇಳಬೇಕು. ಪ್ರಾಮಾಣಿಕ ಸರ್ವೀಸ್ ಸಲಹೆಗಾರನಿಗೆ ಈ ಪ್ರಶ್ನೆಯಿಂದ ತೊಂದರೆಯೇನೂ ಇಲ್ಲ.

ಎ.ಸಿ. ಗ್ಯಾಸಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಎ.ಸಿ.ಯೊಳಗಿನ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಬಹಳ ಬೇಗ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವುದನ್ನು ಹುಡುಕದೆ ವರ್ಷ ವರ್ಷ ಗ್ಯಾಸ್ ತುಂಬಿ ದುಡ್ಡು ತೆಗೆದುಕೊಳ್ಳುವುದು ರಿಪೇರಿ ಅಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ನಮ್ಮ ಜಿಲ್ಲೆಯ ಧೂಳು ಸಣ್ಣದಲ್ಲ. ಗಿಣಿಗೇರಾದ ಕಾರ್ಖಾನೆಗಳ ಸುತ್ತ ಓಡುವ ಗಾಡಿ, ಯಲಬುರ್ಗಾದ ಎರೆಹೊಲದ ಹಾದಿ ತುಳಿಯುವ ಗಾಡಿ, ಹೆದ್ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಹೋಗುವ ಗಾಡಿ ಇವುಗಳ ಏರ್ ಫಿಲ್ಟರ್ ಬೆಂಗಳೂರಿನ ಗಾಡಿಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಕೈಪಿಡಿಗಳಲ್ಲೂ ಧೂಳಿನ ಪ್ರದೇಶಕ್ಕೆ ಬೇರೆ, ಬಿಗಿಯಾದ ಕೋಷ್ಟಕ ಇರುತ್ತದೆ. ಆದ್ದರಿಂದ ‘ಫಿಲ್ಟರ್ ಬೇಗ ಬದಲಿಸಬೇಕು’ ಎಂದವರನ್ನೆಲ್ಲ ಕಳ್ಳರೆನ್ನಬಾರದು. ಫಿಲ್ಟರನ್ನು ಹೊರತೆಗೆಸಿ ಕಣ್ಣಾರೆ ನೋಡಿದರೆ ವಿಷಯ ತಿಳಿಯುತ್ತದೆ.

ಮೂರನೆಯದು, ಲೆಕ್ಕದ ಕೈಚಳಕ. ಕಾರಿನ ಎಂಜಿನ್ನಿಗೆ ಎಷ್ಟು ಲೀಟರ್ ಆಯಿಲ್ ಹಿಡಿಸುತ್ತದೆ ಎಂಬುದು ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಅದರಲ್ಲಿ ಮೂರು ಚಿಲ್ಲರೆ ಎಂದಿದ್ದು ಬಿಲ್ಲಿನಲ್ಲಿ ನಾಲ್ಕು ಎಂದಿದ್ದರೆ ಕೇಳಲೇಬೇಕು. ಸರ್ವೀಸಿನ ಕೂಲಿಯಲ್ಲೇ ಸೇರಿರುವ ತಪಾಸಣೆಗೆ, ತೊಳೆಯುವುದಕ್ಕೆ ಮತ್ತೆ ಬೇರೆ ಕೂಲಿ ಬರೆಯುವುದು ಇನ್ನೊಂದು ಪದ್ಧತಿ. ಹೊಸ ಕಾರಿನ ಮೊದಲ ಕೆಲವು ಉಚಿತ ಸರ್ವೀಸುಗಳಲ್ಲಿ ಬಿಟ್ಟುಕೊಡುವುದು ಕೂಲಿಯನ್ನು ಮಾತ್ರ. ಆಯಿಲ್ಲು, ಫಿಲ್ಟರು ನಮ್ಮ ಖರ್ಚು. ಆದರೆ ಬಿಟ್ಟುಕೊಟ್ಟ ಕೂಲಿಯೇ ಬೇರೆ ಹೆಸರಿನಲ್ಲಿ ಬಿಲ್ಲಿಗೆ ಮರಳಿ ಬಂದರೆ ಅದು ತಪ್ಪು. ‘ಕನ್‌ಸ್ಯೂಮೆಬಲ್ಸ್’, ‘ಇತರೆ’ ಎಂಬ ಸಾಲುಗಳಿಗೆ ಏನು, ಎಷ್ಟು ಎಂಬ ವಿವರ ಕೇಳಬೇಕು. ವ್ಹೀಲ್ ಅಲೈನ್‌ಮೆಂಟ್ ಮಾಡಿದ್ದರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಯಂತ್ರದ ಪ್ರಿಂಟು ಇರುತ್ತದೆ. ಅದನ್ನು ಕೊಡದೆ ದುಡ್ಡು ಕೇಳುವುದು ಸರಿಯಲ್ಲ.

ನಾಲ್ಕನೆಯದು, ತೆರಿಗೆ ಮತ್ತು ಎಂ.ಆರ್.ಪಿ. ಡಬ್ಬಿಯ ಮೇಲೆ ಅಚ್ಚಾದ ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಅದಕ್ಕಿಂತ ಹೆಚ್ಚಿಗೆ ಮಾರುವುದು ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳಿಗೆ ವಿರುದ್ಧ. ಲೆಕ್ಕ ಸುಲಭ. ಒಂದು ಫಿಲ್ಟರಿನ ಎಂ.ಆರ್.ಪಿ. 590 ರೂಪಾಯಿ ಎಂದುಕೊಳ್ಳೋಣ. ಬಿಲ್ಲಿನಲ್ಲಿ ಅದು 500 ರೂಪಾಯಿ ಬೆಲೆ, 90 ರೂಪಾಯಿ ಜಿ.ಎಸ್.ಟಿ. ಎಂದು ಬರಬೇಕು. 590ರ ಮೇಲೆ ಮತ್ತೆ ನೂರಕ್ಕೆ 18 ಸೇರಿಸಿ 696 ಎಂದು ಬರೆದಿದ್ದರೆ ಅದು ತಪ್ಪು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಹಿಂದೆ 28ರ ದರದಲ್ಲಿ 640 ಆಗುತ್ತಿದ್ದ ಸಾಮಾನು ಈಗ 590. ಹಳೆಯ ದರದ ತೆರಿಗೆ ಇನ್ನೂ ಬಿಲ್ಲಿನಲ್ಲಿ ಕಂಡರೆ ಸುಮ್ಮನಿರಬಾರದು.

ಕೂಲಿಯ ದರವನ್ನು ಮಾತ್ರ ಸರ್ಕಾರ ನಿಗದಿಪಡಿಸುವುದಿಲ್ಲ. ಅದು ಊರಿಂದ ಊರಿಗೆ, ಡೀಲರಿನಿಂದ ಡೀಲರಿಗೆ ಬೇರೆಯಾಗಬಹುದು. ಕೂಲಿ ಜಾಸ್ತಿ ಎಂಬುದೊಂದೇ ಕಾರಣಕ್ಕೆ ದೂರು ಗೆಲ್ಲುವುದು ಕಷ್ಟ. ಹೇಳದೆ ಹಾಕಿದ, ಒಪ್ಪಿಗೆ ಪಡೆಯದೆ ಹಾಕಿದ, ಮಾಡದೆ ಹಾಕಿದ ಕೂಲಿಯ ಮಾತು ಬೇರೆ.

ಹೀಗೇಕೆ ಆಗುತ್ತದೆ

ಸರ್ವೀಸ್ ಸೆಂಟರಿನ ಹುಡುಗರು ಹೆಚ್ಚಿನವರು ನಮ್ಮೂರುಗಳಿಂದಲೇ ಹೋದ ಐ.ಟಿ.ಐ., ಡಿಪ್ಲೊಮಾ ಮಾಡಿದ ಮಕ್ಕಳು. ಅವರನ್ನು ಬಯ್ದು ಪ್ರಯೋಜನವಿಲ್ಲ. ಅವರ ಮೇಲಿರುವ ಲೆಕ್ಕವನ್ನು ನೋಡಬೇಕು. ಹೊಸ ಕಾರು ಮಾರಿದರೆ ಡೀಲರಿಗೆ ಉಳಿಯುವುದು ತೆಳುವಾದ ಲಾಭ. ಸರ್ವೀಸು, ಬಿಡಿಭಾಗ, ವಿಮೆ ಇವುಗಳಿಂದಲೇ ಬಹಳಷ್ಟು ಡೀಲರುಗಳ ಸಂಸಾರ ನಡೆಯುತ್ತದೆ. ಹೆಚ್ಚುವರಿ ಸೇವೆಗಳಲ್ಲಿ ತಿಂಗಳಿಗೆ ಇಷ್ಟು ಮಾರಬೇಕೆಂಬ ಗುರಿಯೂ, ಮಾರಿದ್ದಕ್ಕೆ ಇನ್ಸೆಂಟಿವ್ವೂ ಸಲಹೆಗಾರನ ಸಂಬಳದೊಂದಿಗೆ ಬೆಸೆದುಕೊಂಡರೆ, ಗಾಡಿಗೆ ಏನು ಬೇಕು ಎಂಬುದಕ್ಕಿಂತ ಗುರಿಗೆ ಏನು ಬೇಕು ಎಂಬುದು ಮುಂದೆ ಬರುತ್ತದೆ.

ಇದು ನಮ್ಮಲ್ಲಷ್ಟೇ ಇರುವ ರೋಗವಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ವಾಹನ ದುರಸ್ತಿ ಇಲಾಖೆ, ಸಿಯರ್ಸ್ ಎಂಬ ದೊಡ್ಡ ಸಂಸ್ಥೆಯ ಕಾರ್ ಸರ್ವೀಸ್ ಕೇಂದ್ರಗಳಿಗೆ ಗ್ರಾಹಕರ ವೇಷದಲ್ಲಿ ತನ್ನ ಸಿಬ್ಬಂದಿಯನ್ನು ಕಳಿಸಿತು. ಹಾಗೆ ಕೊಂಡೊಯ್ದ ಗಾಡಿಗಳಲ್ಲಿ ಬಹುಪಾಲಿಗೆ ಬೇಕಿಲ್ಲದ ರಿಪೇರಿ ಹೇರಲಾಗಿತ್ತು ಎಂದು ಇಲಾಖೆ 1992ರಲ್ಲಿ ಆರೋಪಿಸಿತು. ಸಲಹೆಗಾರರಿಗೆ ಕೊಡುತ್ತಿದ್ದ ಕಮಿಷನ್ ಮತ್ತು ಮಾರಾಟದ ಗುರಿಯೇ ಇದರ ಬೇರು ಎಂಬುದು ಚರ್ಚೆಯಾಗಿ, ಸಂಸ್ಥೆ ಆ ಕಮಿಷನ್ ಪದ್ಧತಿಯನ್ನೇ ಕೈಬಿಟ್ಟಿತು. ಕ್ಯಾಲಿಫೋರ್ನಿಯದಲ್ಲಿ ಕೆಲಸ ಶುರುಮಾಡುವ ಮೊದಲು ಲಿಖಿತ ಅಂದಾಜು ಕೊಡಬೇಕು, ಹೆಚ್ಚಿಗೆ ಕೆಲಸಕ್ಕೆ ಮಾಲೀಕರ ಒಪ್ಪಿಗೆ ಪಡೆಯಬೇಕು, ಕೇಳಿದರೆ ಬಿಚ್ಚಿದ ಹಳೆಯ ಸಾಮಾನನ್ನು ಹಿಂದಿರುಗಿಸಬೇಕು ಎಂಬುದು ಕಾನೂನು. ನಮ್ಮಲ್ಲಿ ಗ್ಯಾರೇಜುಗಳಿಗೆಂದೇ ಅಂಥ ಪ್ರತ್ಯೇಕ ಕಾನೂನಿಲ್ಲ. ಆದರೆ ಅದೇ ಮೂರು ರಕ್ಷಣೆಯನ್ನು ಜಾಬ್ ಕಾರ್ಡಿನಲ್ಲಿ ನಾವೇ ಬರೆಸಿಕೊಳ್ಳಬಹುದು.

ಬೆಳಗಿನ ಹತ್ತು ನಿಮಿಷ

ಜಾಬ್ ಕಾರ್ಡ್ ಎಂದರೆ ಗಾಡಿ ಒಳಗೆ ಬಿಟ್ಟ ದಾಖಲೆಯೂ ಹೌದು, ಯಾವ ಕೆಲಸ ಮಾಡಬೇಕೆಂಬ ಒಪ್ಪಂದವೂ ಹೌದು. ಬಹಳ ಕಡೆ ಅದನ್ನು ಟ್ಯಾಬಿನಲ್ಲಿ ತೋರಿಸಿ ‘ಇಲ್ಲೊಂದು ಸೈನ್ ಮಾಡ್ರಿ ಸರ’ ಎನ್ನುತ್ತಾರೆ. ಓದದೆ ಸಹಿ ಹಾಕಿದರೆ, ಅದರಲ್ಲಿ ಬರೆದಿದ್ದಕ್ಕೆಲ್ಲ ನಮ್ಮ ಒಪ್ಪಿಗೆ ಇತ್ತೆಂದು ನಾಳೆ ಅವರು ವಾದಿಸಬಹುದು. ಸಹಿಗೆ ಮುಂಚೆ ಇಷ್ಟನ್ನು ಮಾಡಬೇಕು.

ಕೈಪಿಡಿಯ ಕೋಷ್ಟಕವನ್ನು ತೆರೆದು, ಈಗಿನ ಕಿಲೋಮೀಟರಿಗೆ ಯಾವ ಕೆಲಸ ಬರುತ್ತದೆಯೋ ಅಷ್ಟನ್ನೇ ಬರೆಸಿ. ಗಾಡಿಯಲ್ಲಿ ನಿಮಗೆ ಕಂಡ ತೊಂದರೆಯನ್ನು ಲಕ್ಷಣವಾಗಿ ಹೇಳಿ. ‘ಎಡಗಡೆ ಎಳೀತೈತ್ರಿ’ ಎಂದರೆ ಸಾಕು. ‘ಅಲೈನ್‌ಮೆಂಟ್ ಮಾಡ್ರಿ’ ಎಂದು ನಾವೇ ಔಷಧ ಬರೆದುಕೊಟ್ಟರೆ, ಟೈರಿನ ಗಾಳಿ ಕಡಿಮೆಯಿದ್ದರೂ ಅಲೈನ್‌ಮೆಂಟಿನ ದುಡ್ಡೇ ಬೀಳುತ್ತದೆ.

ಅಂದಾಜನ್ನು ಸಾಮಾನು, ಕೂಲಿ, ತೆರಿಗೆ ಎಂದು ಬೇರೆ ಬೇರೆಯಾಗಿ ಬರೆಸಿ. ‘ಸುಮಾರು ಆರು ಸಾವಿರ ಆಗ್ತೈತ್ರಿ’ ಎಂಬ ಬಾಯಿಮಾತು ಸಂಜೆ ಯಾರಿಗೂ ನೆನಪಿರುವುದಿಲ್ಲ.

‘ಈ ಮೊತ್ತಕ್ಕಿಂತ ಹೆಚ್ಚಾಗುವ ಯಾವ ಕೆಲಸವನ್ನೂ ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಮಾಡಬಾರದು. ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು’ ಎಂದು ಗ್ರಾಹಕರ ಷರಾದ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ. ಟ್ಯಾಬಿನಲ್ಲಿ ಜಾಗವಿಲ್ಲದಿದ್ದರೆ ಇದೇ ಮಾತನ್ನು ಸಲಹೆಗಾರರ ವಾಟ್ಸ್‌ಆ್ಯಪಿಗೆ ಅಲ್ಲೇ ನಿಂತು ಕಳಿಸಿ. ಹಳೆಯ ಸಾಮಾನು ಕೈಗೆ ಬಂದರೆ, ಬದಲಿಸಿದ್ದು ನಿಜವೇ, ಬದಲಿಸುವಷ್ಟು ಸವೆದಿತ್ತೇ ಎರಡೂ ತಿಳಿಯುತ್ತದೆ. ವಾರಂಟಿಯಲ್ಲಿ ಬದಲಿಸಿದ್ದನ್ನು ಕಂಪನಿ ಇಟ್ಟುಕೊಳ್ಳುತ್ತದೆ. ಹಳೆಯ ಬ್ಯಾಟರಿಗೆ ವಿನಿಮಯದ ಬೆಲೆ ಬಿಲ್ಲಿನಲ್ಲಿ ಕಳೆದಿರಬೇಕು.

ಕಿಲೋಮೀಟರ್ ಮೀಟರು, ನಾಲ್ಕೂ ಬದಿ, ಆಯಿಲ್ ಗೇಜ್, ಬ್ಯಾಟರಿಯ ನಂಬರ್ ಇವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಡುವೆ ಫೋನ್ ಬಂದರೆ ‘ಹ್ಞೂಂ, ಹಾಕ್ರಿ’ ಎನ್ನುವ ಬದಲು ‘ಏನು, ಎಷ್ಟು, ಯಾಕೆ ಅಂತ ಮೆಸೇಜ್ ಮಾಡ್ರಿ, ನೋಡಿ ಹೇಳ್ತೀನಿ’ ಎನ್ನಿ. ಸಂಜೆ ದುಡ್ಡು ಕೊಡುವ ಮುಂಚೆ ಅಂದಾಜನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲು ಹೋಲಿಸಿ.

ಹೊರಗಿನ ಗ್ಯಾರೇಜಿನಲ್ಲಿ ‘ಬಿಲ್ ಬ್ಯಾಡಾಂದ್ರ ಟ್ಯಾಕ್ಸ್ ಬಿಡ್ತೀವ್ರಿ’ ಎಂಬ ಆಮಿಷ ಬರುತ್ತದೆ. ಬಿಲ್ಲಿಲ್ಲದಿದ್ದರೆ ಸಾಮಾನಿಗೆ ವಾರಂಟಿಯೂ ಇಲ್ಲ, ಮೋಸಕ್ಕೆ ಸಾಕ್ಷಿಯೂ ಇಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ.

ವಾರಂಟಿಯ ಹೆದರಿಕೆ

‘ಹೊರಗ ಮುಟ್ಟಿಸಿದ್ರ ವಾರಂಟಿ ಹೋಕ್ಕತ್ರಿ’ ಎಂಬುದು ಸರ್ವೀಸ್ ಕೌಂಟರಿನ ಬಲವಾದ ಮಾತು. ಗಂಗಾವತಿಯಲ್ಲಿ ನುರಿತ ಮಿಸ್ತ್ರಿ ಇದ್ದರೂ ಜನ ಬಳ್ಳಾರಿಗೆ ಹೋಗುವುದು ಇದೇ ಭಯದಿಂದ. ಈ ವಿಷಯ ದೇಶದ ಮಟ್ಟದಲ್ಲಿ ವಿಚಾರಣೆಗೆ ಬಂದಿದೆ.

2011ರಲ್ಲಿ ಒಬ್ಬ ಕಾರು ಗ್ರಾಹಕ ಭಾರತೀಯ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಿದರು. ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ, ಗ್ರಾಹಕರನ್ನು ತಮ್ಮ ಅಧಿಕೃತ ಕೇಂದ್ರಗಳಿಗೇ ಕಟ್ಟಿಹಾಕಿವೆ ಎಂಬುದು ದೂರಿನ ಸಾರ. ಮೂರು ಕಂಪನಿಗಳ ಮೇಲೆ ಶುರುವಾದ ತನಿಖೆ ಬಹುತೇಕ ಇಡೀ ಕಾರು ಉದ್ಯಮಕ್ಕೆ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಅನೇಕ ಬಿಡಿಭಾಗಗಳ ಮೇಲೆ ನೂರಕ್ಕೆ ನೂರಕ್ಕಿಂತಲೂ ಹೆಚ್ಚು ಲಾಭ ಹೇರಿದ್ದು ವಿಚಾರಣೆಯಲ್ಲಿ ಕಂಡಿತ್ತು. ದಂಡಕ್ಕಿಂತ ಮುಖ್ಯವಾದದ್ದು ಆಯೋಗದ ನಿರ್ದೇಶನ: ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಯಾವ ಭಾಗಕ್ಕೆ ಹಾನಿಯಾಯಿತೋ ಅಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು.

ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ತಪ್ಪು ನಡೆದಿದೆಯೆಂಬ ತೀರ್ಮಾನವನ್ನು ಎತ್ತಿಹಿಡಿದು ದಂಡದ ಮೊತ್ತವನ್ನು ತಗ್ಗಿಸಿತು. ಉಳಿದ ಕಂಪನಿಗಳು ಬೇರೆ ನ್ಯಾಯಾಲಯಗಳ ಮೆಟ್ಟಿಲೇರಿದವು. ಹೋರಾಟ ಉದ್ದವಾದರೂ ಆಯೋಗ ಹೇಳಿದ ತತ್ವ ಸ್ಪಷ್ಟ. ಟೈರ್, ಬ್ಯಾಟರಿ, ವೈಪರ್, ಪಂಕ್ಚರ್, ಡೆಂಟಿಂಗ್ ಹೊರಗೆ ಮಾಡಿಸಿದ್ದಕ್ಕೆ ಎಂಜಿನ್ನಿನ ವಾರಂಟಿ ಇಲ್ಲ ಎಂದರೆ ‘ಹಾಗಂತ ಬರದು ಕೊಡ್ರಿ’ ಎಂದು ಕೇಳಿ. ಆದರೆ ನಾವೂ ನಮ್ಮ ಪಾಲನ್ನು ಮಾಡಬೇಕು: ಅವಧಿಗೆ ಸರಿಯಾಗಿ ಸರ್ವೀಸ್, ಕಂಪನಿ ಹೇಳಿದ ದರ್ಜೆಯ ಆಯಿಲ್, ಎಲ್ಲದಕ್ಕೂ ಬಿಲ್. ದಾಖಲೆಯಿಲ್ಲದವರ ಪರವಾಗಿ ಯಾವ ಕಾನೂನೂ ಗಟ್ಟಿಯಾಗಿ ನಿಲ್ಲಲಾರದು.

2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿತು. ವಾಹನಗಳ ಜೊತೆಗೆ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಟ್ರ್ಯಾಕ್ಟರಿನ ಸರ್ವೀಸಿನಲ್ಲಿ ಇದೇ ಪಾಡು ಪಡುವ ಗಂಗಾವತಿಯ ಭತ್ತದ ರೈತರಿಗೂ ಯಲಬುರ್ಗಾದ ದಾಳಿಂಬೆ ಬೆಳೆಗಾರರಿಗೂ ಇದು ಗೊತ್ತಿರಬೇಕು.

ದುಡ್ಡು ಕಟ್ಟದಿದ್ದರೆ ಗಾಡಿ ಕೊಡೋದಿಲ್ಲ ಎಂದರೆ

ರಿಪೇರಿ ಮಾಡಿದವರು ತಮ್ಮ ಕೂಲಿ ಬರುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮು ಕೊಟ್ಟಿದೆ. ಆದ್ದರಿಂದ ಕೌಂಟರಿನಲ್ಲಿ ಕೂಗಾಡಿ ಕೀಲಿ ಕಸಿದುಕೊಂಡು ಬರುವುದು ದಾರಿಯಲ್ಲ. ಕೇಳದ ಕೆಲಸದ ಕೂಲಿ ಅವರಿಗೆ ಸಲ್ಲುತ್ತದೆಯೇ ಎಂಬುದು ವಾದದ ವಿಷಯ. ಅದು ಸಂಜೆ ಆರು ಗಂಟೆಗೆ ತೀರುವುದಿಲ್ಲ.

ಮೊದಲು ಸರ್ವೀಸ್ ಮ್ಯಾನೇಜರನ್ನು ಕಂಡು, ಯಾವ ಸಾಲಿಗೆ ಆಕ್ಷೇಪವಿದೆ ಎಂದು ತಣ್ಣಗೆ ತೋರಿಸಿ. ಎಷ್ಟೋ ಸಲ ಅಲ್ಲಿಗೇ ಬಿಲ್ಲು ತಿದ್ದಲ್ಪಡುತ್ತದೆ. ಒಪ್ಪದಿದ್ದರೆ ದುಡ್ಡು ಕಟ್ಟಿ, ಆದರೆ ಬಿಲ್ಲಿನ ಅವರ ಪ್ರತಿಯ ಮೇಲೂ ನಿಮ್ಮ ಪ್ರತಿಯ ಮೇಲೂ ‘ಆಕ್ಷೇಪದೊಂದಿಗೆ ಪಾವತಿಸಲಾಗಿದೆ’ ಎಂದು ಬರೆದು, ಯಾವ ಸಾಲುಗಳಿಗೆಂದು ಗುರುತು ಹಾಕಿ ಸಹಿ ಮಾಡಿ. ಬರೆಯಲು ಬಿಡದಿದ್ದರೆ ಅದೇ ಮಾತನ್ನು ಅಲ್ಲಿಂದಲೇ ಇಮೇಲ್ ಮಾಡಿ. ನಗದು ಬೇಡ; ಯು.ಪಿ.ಐ. ಅಥವಾ ಕಾರ್ಡಿನಲ್ಲಿ ಕಟ್ಟಿ. ‘ಕೆಲಸ ತೃಪ್ತಿಕರವಾಗಿದೆ’ ಎಂದು ಮೊದಲೇ ಅಚ್ಚಾದ ಚೀಟಿಗೆ ಅನುಮಾನವಿದ್ದಾಗ ಸಹಿ ಹಾಕಬೇಡಿ.

ಮರುದಿನ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಬರೆಯಿರಿ. ಇದಕ್ಕೊಂದು ಗಟ್ಟಿ ಕಾರಣವಿದೆ. ಗೋವಾದ ಡೀಲರೊಬ್ಬರು ಹಳೆಯ ಮಾದರಿಯ ಕಾರನ್ನು ಹೊಸದೆಂದು ಮಾರಿದ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಡೀಲರ್ ಮಾಡಿದ ತಪ್ಪು ತಯಾರಕರಿಗೆ ಗೊತ್ತಿತ್ತೆಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದು ಎಂದು ಹೇಳಿತು. ಬರೆದು ತಿಳಿಸಿದ ಮೇಲೆ ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಹೇಳುವುದು ಕಂಪನಿಗೂ ಕಷ್ಟ.

ಅಲ್ಲೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಕನ್ನಡದಲ್ಲೂ ಮಾತಾಡಬಹುದು. ಅದು ನ್ಯಾಯಾಲಯವಲ್ಲ, ತೀರ್ಪು ಕೊಡುವುದಿಲ್ಲ. ಆದರೆ ದೂರನ್ನು ದಾಖಲಿಸಿ ಕಂಪನಿಯಿಂದ ಉತ್ತರ ಕೇಳುತ್ತದೆ. ಸಣ್ಣ ಮೊತ್ತದ ಜಗಳಗಳು ಇಲ್ಲಿಗೇ ಮುಗಿಯುವ ಸಾಧ್ಯತೆ ಇದೆ.

ನ್ಯಾಯ ಕೊಪ್ಪಳಕ್ಕೆ ಬಂದಿದೆ

1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ, ಎದುರು ಪಕ್ಷದವರು ವ್ಯವಹಾರ ನಡೆಸುವ ಜಿಲ್ಲೆಯಲ್ಲಿ ಅಥವಾ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಜಿಲ್ಲೆಯಲ್ಲಿ ದೂರು ಕೊಡಬೇಕಿತ್ತು. ಹುಬ್ಬಳ್ಳಿಯ ಡೀಲರಿನ ಮೇಲೆ ಕುಷ್ಟಗಿಯ ಶಿಕ್ಷಕರೊಬ್ಬರು ದೂರು ಕೊಡಬೇಕಾದರೆ ಸಾಮಾನ್ಯವಾಗಿ ಧಾರವಾಡದ ಗ್ರಾಹಕ ವೇದಿಕೆಗೆ ಅಲೆಯಬೇಕಿತ್ತು. ದೂರ ಇಲ್ಲೂ ಡೀಲರಿನ ಕಡೆಗೇ ಇತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆಯ 34ನೇ ಕಲಮು ಇದನ್ನು ಬದಲಿಸಿತು. ದೂರುದಾರರು ಎಲ್ಲಿ ವಾಸವಿದ್ದಾರೋ, ಎಲ್ಲಿ ದುಡಿಯುತ್ತಾರೋ ಅಲ್ಲಿನ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ತಾಲೂಕಿನವರಾದರೂ ಕೊಪ್ಪಳದ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋದರೆ ಸಾಕು. ಈಗ ಪ್ರಯಾಣ ಮಾಡಬೇಕಾದವರು ಡೀಲರು.

ಇನ್ನೂ ಕೆಲವು ಅನುಕೂಲಗಳು ನಮ್ಮ ಕಡೆಗಿವೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಸರ್ವೀಸ್ ಬಿಲ್ಲುಗಳು ಸಾಮಾನ್ಯವಾಗಿ ಈ ಮಿತಿಯೊಳಗೇ ಬರುತ್ತವೆ. ವಕೀಲರು ಇರಲೇಬೇಕೆಂದಿಲ್ಲ, ಸ್ವತಃ ವಾದಿಸಬಹುದು. 2025ರ ಜನವರಿ 1ರಿಂದ ನಡೆಯುತ್ತಿರುವ ಇ–ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆಗೆ ಕೋರುವ ಅವಕಾಶವೂ ಕಾಯ್ದೆಯಲ್ಲಿದೆ. ನೋಟಿಸ್ ತಲುಪಿದ 30 ದಿನದಲ್ಲಿ ಎದುರಿನವರು ಉತ್ತರಿಸಬೇಕು; ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ವಿವಾದ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕೆಂಬುದನ್ನು ಮಾತ್ರ ಮರೆಯಬಾರದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ.

ಅಂಜನಾದ್ರಿಗೆ ಯಾತ್ರಿಕರನ್ನು ಒಯ್ಯುವ ಟ್ಯಾಕ್ಸಿ ಚಾಲಕರು ‘ನಮ್ದು ಯಲ್ಲೋ ಬೋರ್ಡ್, ನಮಗ ಈ ಕಾನೂನು ಬರೂದಿಲ್ಲ’ ಎಂದುಕೊಳ್ಳುವುದುಂಟು. ವಾಣಿಜ್ಯ ಉದ್ದೇಶದ ಖರೀದಿ ಕಾಯ್ದೆಯ ಹೊರಗಿದೆ, ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಗಾಡಿ ಇಟ್ಟುಕೊಂಡವರು ಗ್ರಾಹಕರೇ ಎಂದು ಕಾಯ್ದೆ ಬಿಡಿಸಿ ಹೇಳಿದೆ.

ದೂರಿನಲ್ಲಿ ಕೋಪಕ್ಕಿಂತ ಕ್ರಮ ಮುಖ್ಯ. ಯಾವ ದಿನ ಗಾಡಿ ಬಿಟ್ಟಿರಿ, ಅಂದಾಜು ಎಷ್ಟಿತ್ತು, ಬಿಲ್ಲಿನಲ್ಲಿ ಯಾವ ಸಾಲು ಹೆಚ್ಚಿಗೆ ಬಂತು, ಒಪ್ಪಿಗೆ ಕೇಳಿದ್ದರೇ, ಕೈಪಿಡಿ ಏನು ಹೇಳುತ್ತದೆ, ನೀವು ಬರೆದಾಗ ಅವರು ಏನು ಉತ್ತರಿಸಿದರು ಎಂಬುದನ್ನು ದಿನಾಂಕದೊಂದಿಗೆ ಬರೆಯಿರಿ. ಜಾಬ್ ಕಾರ್ಡ್, ಅಂದಾಜು, ಬಿಲ್, ಪಾವತಿಯ ದಾಖಲೆ, ಮೆಸೇಜು, ಫೋಟೊ ಲಗತ್ತಿಸಿ. ಮೆಸೇಜು ಬಂದ ಫೋನನ್ನು ಜೋಪಾನವಾಗಿಡಿ. ಹಣ ವಾಪಸು, ಪರಿಹಾರ, ದೂರಿನ ಖರ್ಚು, ಆ ಪದ್ಧತಿಯನ್ನೇ ನಿಲ್ಲಿಸುವ ಆದೇಶ ಇವೆಲ್ಲವನ್ನೂ ಕೇಳಬಹುದು. ಆಯೋಗದ ಅಂತಿಮ ಆದೇಶವನ್ನು ಪಾಲಿಸದವರಿಗೆ ಜೈಲು ಅಥವಾ ದಂಡದ ಶಿಕ್ಷೆಯೂ ಇದೆ. ಹಾಗೆಂದು ಎಲ್ಲ ದೂರೂ ಗೆಲ್ಲುತ್ತದೆಂದಲ್ಲ. ಒಪ್ಪಿಗೆ ಕೊಟ್ಟು ಮಾಡಿಸಿದ ಕೆಲಸ ಆಮೇಲೆ ದುಬಾರಿ ಎನಿಸಿದ್ದಕ್ಕೆ ಆಯೋಗ ಏನೂ ಮಾಡಲಾರದು. ಮತ್ತೆ ಎಲ್ಲವೂ ಜಾಬ್ ಕಾರ್ಡಿಗೇ ಬಂದು ನಿಲ್ಲುತ್ತದೆ.

ಬದಲಾಗಬೇಕಾದ್ದು

ಸರಕು ಸೇವೆಗಳ ಗುಣ, ಪ್ರಮಾಣ, ಬೆಲೆಯನ್ನು ಮೊದಲೇ ತಿಳಿಯುವುದು ಗ್ರಾಹಕರ ಹಕ್ಕು ಎಂದು ಕಾಯ್ದೆ ಹೇಳುತ್ತದೆ. ಜಾಬ್ ಕಾರ್ಡು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದ್ದರೆ ಕುಕನೂರಿನ ರೈತರಿಗೆ ಆ ಹಕ್ಕು ಸಿಕ್ಕಂತಾಗಲಿಲ್ಲ. ಜಾಬ್ ಕಾರ್ಡೂ ಅಂದಾಜೂ ಕನ್ನಡದಲ್ಲಿರಬೇಕು. ಕೂಲಿಯ ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲಿರಬೇಕು. ಕಂಪನಿಯ ಕೋಷ್ಟಕದಲ್ಲಿರುವ ಕೆಲಸ ಯಾವುದು, ಹೆಚ್ಚುವರಿ ಯಾವುದು ಎಂದು ಬಿಲ್ಲಿನಲ್ಲೇ ಬೇರೆಯಾಗಿ ತೋರಿಸಬೇಕು. ಹಳೆಯ ಸಾಮಾನು ಕೊಡುವುದು ಕೇಳಿ ಪಡೆಯುವ ಉಪಕಾರವಾಗಿ ಉಳಿಯದೆ ಪದ್ಧತಿಯಾಗಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ನೇರವಾಗಿ ವ್ಯವಹರಿಸುವ ಡೀಲರುಗಳಿಗೆ ಇದರಿಂದ ಲಾಭವೇ. ಜನ ಅವರನ್ನು ಹುಡುಕಿಕೊಂಡು ಬರುತ್ತಾರೆ.

ಒಬ್ಬರ ಬಿಲ್ಲಿನಲ್ಲಿ ಹೆಚ್ಚಿಗೆ ಬಿದ್ದ ಎಂಟುನೂರು ರೂಪಾಯಿ ಸಣ್ಣದೆನಿಸಬಹುದು. ಅದೇ ಎಂಟುನೂರು ದಿನವೂ ಬರುವ ಎಲ್ಲ ಗಾಡಿಗಳ ಮೇಲೆ ಬಿದ್ದರೆ ಅದು ಒಂದು ವ್ಯಾಪಾರವೇ ಆಗುತ್ತದೆ, ಮತ್ತು ಅದು ನಡೆಯುವುದು ನಮ್ಮ ‘ಹೋಗ್ಲಿ ಬಿಡ್ರಿ’ಯ ಮೇಲೆ. ಬರೆದುಕೊಟ್ಟ ಒಂದೊಂದು ಆಕ್ಷೇಪವೂ ಕಂಪನಿಯಲ್ಲಿ, ಸಹಾಯವಾಣಿಯಲ್ಲಿ, ಆಯೋಗದಲ್ಲಿ ದಾಖಲೆಯಾಗಿ ನಿಲ್ಲುತ್ತದೆ. ಓದು ಬರಹ ಬಲ್ಲ ನಾವು ಇದನ್ನು ನಮಗಾಗಿ ಮಾತ್ರ ಮಾಡುತ್ತಿಲ್ಲ. ಕೇಳಲು ಅಂಜುವ ಹಿರಿಯರು, ಸಾಲ ಮಾಡಿ ಗಾಡಿ ತಂದ ಹುಡುಗರು, ಇಂಗ್ಲಿಷ್ ಬಿಲ್ಲಿನೆದುರು ಸುಮ್ಮನಾಗುವ ರೈತರು ನಮ್ಮ ಹಿಂದೆ ಅದೇ ಕೌಂಟರಿಗೆ ಬರುವವರಿದ್ದಾರೆ. ಅವರಿಗೆ ಸರಿಯಾದ ಬಿಲ್ಲು ಸಿಗಬೇಕಾದರೆ, ಮುಂದೆ ನಿಂತವರು ಓದಿ, ಕೇಳಿ, ಬರೆದುಕೊಟ್ಟು ಬರಲೇಬೇಕು.